ವೇಗೋತ್ಕರ್ಷದ ಬಾಣ ಯಾವ ಕಡೆಗೆ? ಬಿಡಿಸಿ, ಅಳೆದು, ತಾಳೆ ನೋಡುವ ಕ್ರಮ

ಪ್ರಥಮ ಪಿಯುಸಿ ಭೌತಶಾಸ್ತ್ರದ ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದು: ಲೆಕ್ಕ ಸರಿ, ಬಾಣ ತಪ್ಪು. ವೃತ್ತದಲ್ಲಿ ಸುತ್ತುವ ವಸ್ತುವಿನ ಜವದ (ದಿಕ್ಕು ಬಿಟ್ಟು ವೇಗದ ಬರೀ ಪ್ರಮಾಣದ) ವರ್ಗವನ್ನು ತ್ರಿಜ್ಯದಿಂದ ಭಾಗಿಸಿ ಸರಿಯಾದ ಅಂಕಿ ಬರೆದಿರುತ್ತಾರೆ. ಚಿತ್ರದಲ್ಲಿ ಮಾತ್ರ ವೇಗೋತ್ಕರ್ಷದ ಬಾಣ ವಸ್ತು ಹೋಗುವ ಕಡೆಗೇ ಮುಖ ಮಾಡಿರುತ್ತದೆ. ಚಿತ್ರ ತಪ್ಪಿದರೆ ಮುಂದಿನ ಎರಡು ಅಂಕದ ಪ್ರಶ್ನೆಯಲ್ಲಿ ಬಲಗಳ ಸಮೀಕರಣವೂ ತಪ್ಪುತ್ತದೆ. ಹಾಗಾಗಿ ಸೂತ್ರಕ್ಕಿಂತ ಮೊದಲು ದಿಕ್ಕು ಹಿಡಿಯುವುದನ್ನು ಕಲಿಯಬೇಕು.

ವಸ್ತು ಎತ್ತ ಸಾಗುತ್ತಿದೆ ಎಂಬುದು ವೇಗದ ದಿಕ್ಕು. ಆ ವೇಗ ಎತ್ತ ಬದಲಾಗುತ್ತಿದೆ ಎಂಬುದು ವೇಗೋತ್ಕರ್ಷದ ದಿಕ್ಕು. ಇದನ್ನು ಹಿಡಿಯಲು ಎರಡು ದಾರಿಗಳಿವೆ. ಚಲನೆ ಗೊತ್ತಿದ್ದರೆ ಸ್ವಲ್ಪ ಮುಂಚಿನ ವೇಗವನ್ನು ಸ್ವಲ್ಪ ನಂತರದ ವೇಗದಿಂದ ಕಳೆಯಿರಿ. ಬಲಗಳು ಗೊತ್ತಿದ್ದರೆ ಅವನ್ನೆಲ್ಲ ಕೂಡಿಸಿ ನಿವ್ವಳ ಬಲದ ದಿಕ್ಕು ನೋಡಿ. ಎರಡೂ ದಾರಿ ಒಂದೇ ದಿಕ್ಕು ತೋರಿಸಬೇಕು. ತೋರಿಸದಿದ್ದರೆ ಯಾವುದೋ ಒಂದು ಬಲ ಬಿಟ್ಟುಹೋಗಿದೆ, ಇಲ್ಲವೇ ಇಲ್ಲದ ಬಲವೊಂದು ಚಿತ್ರದಲ್ಲಿ ಸೇರಿಕೊಂಡಿದೆ.

ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ

ಕೈವಾರ, ಕೋನಮಾಪಕ, ಅಳತೆಪಟ್ಟಿ, ಮೂಲೆಮಟ್ಟ ಸಾಕು. 5 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಕೇಂದ್ರದಲ್ಲಿ 30 ಡಿಗ್ರಿ ಕೋನ ಮಾಡುವ ಎರಡು ಬಿಂದುಗಳನ್ನು ಪರಿಧಿಯ ಮೇಲೆ ಗುರುತಿಸಿ. ಎರಡೂ ಕಡೆ ತ್ರಿಜ್ಯಕ್ಕೆ ಲಂಬವಾಗಿ, ಸುತ್ತುವ ದಿಕ್ಕಿನಲ್ಲಿ, 4 ಸೆಂ.ಮೀ. ಉದ್ದದ ಬಾಣ ಬಿಡಿಸಿ. ಇವು ಎರಡು ಕ್ಷಣಗಳ ವೇಗಗಳು. ಜವ ಒಂದೇ ಆದ್ದರಿಂದ ಉದ್ದವೂ ಒಂದೇ.

ಈಗ ಪಕ್ಕದ ಖಾಲಿ ಜಾಗದಲ್ಲಿ ಒಂದು ಚುಕ್ಕಿ ಇಟ್ಟು, ಎರಡೂ ಬಾಣಗಳ ಬುಡ ಆ ಚುಕ್ಕಿಯಲ್ಲೇ ಬರುವಂತೆ ಮತ್ತೆ ಬಿಡಿಸಿ. ದಿಕ್ಕು ಕದಲಬಾರದು, ಅಳತೆಪಟ್ಟಿಗೆ ಮೂಲೆಮಟ್ಟವನ್ನು ಒತ್ತಿ ಜಾರಿಸಿದರೆ ಸಮಾಂತರ ಉಳಿಯುತ್ತದೆ. ಮೊದಲ ಬಾಣದ ತುದಿಯಿಂದ ಎರಡನೆಯದರ ತುದಿಗೆ ಎಳೆದ ಬಾಣವೇ ವೇಗದ ಬದಲಾವಣೆ. ಅಳೆದರೆ ಸುಮಾರು 2.1 ಸೆಂ.ಮೀ. ಬರುತ್ತದೆ. ಅದನ್ನು ಅದೇ ದಿಕ್ಕಿನಲ್ಲಿ ವೃತ್ತದ ಮೇಲೆ ತಂದಿಡಿ. ಎರಡು ಬಿಂದುಗಳ ನಡುವಿನ ಕಂಸದ ಸರಿಮಧ್ಯದಲ್ಲಿ ಇಟ್ಟರೆ ನೇರವಾಗಿ ಕೇಂದ್ರಕ್ಕೆ ಗುರಿಯಿಡುತ್ತದೆ.

ಇಲ್ಲಿ ಕೈತಪ್ಪುವ ಜಾಗಗಳು ಮೂರು. ಬದಲಾವಣೆಯ ಬಾಣವನ್ನು ಮೊದಲ ಬಿಂದುವಿನಲ್ಲಿ ಇಟ್ಟರೆ ಅದು ಕೇಂದ್ರದಿಂದ 15 ಡಿಗ್ರಿ ಆಚೆ ತಿರುಗಿದಂತೆ ಕಾಣುತ್ತದೆ. ಅದು ಸರಾಸರಿ ವೇಗೋತ್ಕರ್ಷ, ನಡುವಿನ ಕ್ಷಣಕ್ಕೆ ಸೇರಿದ್ದು. ಎರಡನೆಯ ತುದಿಯಿಂದ ಮೊದಲನೆಯದಕ್ಕೆ ಎಳೆದರೆ ಬಾಣ ಹೊರಗೆ ತಿರುಗುತ್ತದೆ. "ಹೊರಗೆ ತಳ್ಳುವ" ಬಲವೊಂದಿದೆ ಎಂಬ ನಂಬಿಕೆ ಮೊದಲೇ ಇದ್ದವರಿಗೆ ಈ ತಪ್ಪು ಸರಿಯೆಂದೇ ಕಾಣುತ್ತದೆ. ಒಂದು ಬಾಣದ ತುದಿಗೆ ಇನ್ನೊಂದರ ಬುಡ ಜೋಡಿಸಿದರೆ ಅದು ಕಳೆಯುವುದಲ್ಲ, ಕೂಡುವುದು. ಉತ್ತರ ಸ್ಪರ್ಶಕದ (ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಗೆರೆಯ) ದಿಕ್ಕಿಗೆ ಬರುತ್ತದೆ. ಕೋನವನ್ನು 10 ಡಿಗ್ರಿಗೆ ಇಳಿಸಿ ನಿಖರತೆ ಹೆಚ್ಚಿಸಲು ಹೋಗಬೇಡಿ. ಆಗ ಬದಲಾವಣೆಯ ಬಾಣ 0.7 ಸೆಂ.ಮೀ.ಗೆ ಕುಗ್ಗಿ, ಪೆನ್ಸಿಲ್ ಗೆರೆಯ ದಪ್ಪವೇ ದಿಕ್ಕನ್ನು ಕೆಡಿಸುತ್ತದೆ.

ಅದೇ ಚಿತ್ರದಲ್ಲಿ ಎರಡನೆಯ ಬಾಣವನ್ನು ಮಾತ್ರ 5 ಸೆಂ.ಮೀ. ಮಾಡಿ ಮತ್ತೊಮ್ಮೆ ಬಿಡಿಸಿ. ಜವ ಏರುತ್ತಿದೆ ಎಂದರ್ಥ. ಬದಲಾವಣೆಯ ಬಾಣ ಈಗ ಕೇಂದ್ರದ ಗೆರೆಯಿಂದ ಸುಮಾರು 22 ಡಿಗ್ರಿ ಮುಂದಕ್ಕೆ ಬಾಗುತ್ತದೆ. 3 ಸೆಂ.ಮೀ. ಮಾಡಿದರೆ ಸುಮಾರು 28 ಡಿಗ್ರಿ ಹಿಂದಕ್ಕೆ. ದಾರಿ ಬಾಗಿದ್ದು ವಸ್ತು ಚಲಿಸುತ್ತಿದ್ದರೆ ವೇಗೋತ್ಕರ್ಷ ಯಾವಾಗಲೂ ಬಾಗಿನ ಒಳಮಗ್ಗುಲಿಗೇ ಇರುತ್ತದೆ. ಜವ ಏರಿದರೆ ಮುಂದಕ್ಕೆ ಓರೆ, ಇಳಿದರೆ ಹಿಂದಕ್ಕೆ ಓರೆ, ಹೊರಮಗ್ಗುಲಿಗೆ ಎಂದೂ ಇಲ್ಲ. "ವೃತ್ತೀಯ ಚಲನೆಯಲ್ಲಿ ವೇಗೋತ್ಕರ್ಷ ಕೇಂದ್ರದ ಕಡೆಗೆ" ಎಂಬ ವಾಕ್ಯಕ್ಕೆ "ಜವ ಬದಲಾಗದಿದ್ದರೆ" ಎಂಬ ಷರತ್ತು ಸೇರಿಸದೆ ಬಾಯಿಪಾಠ ಮಾಡಿದವರು ಲೋಲಕದ (ದಾರಕ್ಕೆ ಕಟ್ಟಿ ತೂಗಬಿಟ್ಟ ಗುಂಡಿನ) ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತಾರೆ.

ಮೇಲೆ ಎಸೆದ ಚೆಂಡು

ನೇರ ಮೇಲಕ್ಕೆ ಸೆಕೆಂಡಿಗೆ 19.6 ಮೀಟರ್ ವೇಗದಲ್ಲಿ ಎಸೆದ ಚೆಂಡನ್ನು ತೆಗೆದುಕೊಳ್ಳಿ. ಮೇಲಿನ ದಿಕ್ಕು ಧನ ಎಂದುಕೊಂಡರೆ ಪ್ರತಿ ಸೆಕೆಂಡಿನ ಕೊನೆಗೆ ವೇಗ 9.8, 0, −9.8, −19.6. ಯಾವ ಎರಡು ಪಕ್ಕದ ಅಂಕಿ ಕಳೆದರೂ −9.8 ಬರುತ್ತದೆ. ಏರುವಾಗಲೂ ಕೆಳಕ್ಕೆ, ಇಳಿಯುವಾಗಲೂ ಕೆಳಕ್ಕೆ, ತುತ್ತತುದಿಯಲ್ಲೂ ಕೆಳಕ್ಕೆ.

ತುದಿಯಲ್ಲಿ ವೇಗ ಸೊನ್ನೆ, ಆದ್ದರಿಂದ ವೇಗೋತ್ಕರ್ಷವೂ ಸೊನ್ನೆ ಎಂದು ಬರೆಯುವವರು ಬಹಳ. ಎರಡೂ ಸೊನ್ನೆಯಾದರೆ ಚೆಂಡು ಅಲ್ಲೇ ಗಾಳಿಯಲ್ಲಿ ನಿಂತುಬಿಡಬೇಕು. ಅದು ಕೆಳಗೆ ಬರುತ್ತದೆ ಎಂಬುದೇ ಆ ಕ್ಷಣದಲ್ಲೂ ವೇಗ ಬದಲಾಗುತ್ತಿದೆ ಎನ್ನುವುದಕ್ಕೆ ಪುರಾವೆ.

ಚಿಹ್ನೆಯ ಗೊಂದಲಕ್ಕೆ ಮದ್ದು ಒಂದೇ: ಲೆಕ್ಕ ಶುರು ಮಾಡುವ ಮುನ್ನ ಪುಟದ ಅಂಚಿನಲ್ಲಿ ಧನ ದಿಕ್ಕಿನ ಬಾಣ ಹಾಕಿ, ಲೆಕ್ಕ ಮುಗಿಯುವವರೆಗೆ ಅದನ್ನು ಬದಲಿಸಬೇಡಿ. "ಏರುವಾಗ ಋಣ, ಇಳಿಯುವಾಗ ಧನ" ಎಂದು ಹೇಳಿಕೊಡುವುದುಂಟು. ಕಟ್ಟಡದ ಮೇಲಿಂದ ಮೇಲಕ್ಕೆಸೆದು ನೆಲಕ್ಕೆ ಬೀಳುವ ಕಲ್ಲಿನ ಲೆಕ್ಕದಲ್ಲಿ ಇದು ಕೈಕೊಡುತ್ತದೆ, ಏಕೆಂದರೆ ಅಲ್ಲಿ ಏರುವುದೂ ಇಳಿಯುವುದೂ ಒಂದೇ ಸಮೀಕರಣದೊಳಗೆ ಬರುತ್ತವೆ. ಋಣ ವೇಗೋತ್ಕರ್ಷ ಎಂದರೆ ನಿಧಾನವಾಗುವುದು ಎಂಬ ಮಾತೂ ನಿಲ್ಲುವುದಿಲ್ಲ. ಮೇಲಿನ ಚೆಂಡು ಇಳಿಯುವಾಗ ವೇಗೋತ್ಕರ್ಷ ಋಣ, ಆದರೂ ಜವ ಏರುತ್ತಿದೆ. ವೇಗ ಮತ್ತು ವೇಗೋತ್ಕರ್ಷದ ಬಾಣಗಳು ಒಂದೇ ಕಡೆಗಿದ್ದರೆ ಜವ ಏರುತ್ತದೆ, ಎದುರುಬದುರಾದರೆ ಇಳಿಯುತ್ತದೆ, ಲಂಬವಾಗಿದ್ದರೆ ಆ ಕ್ಷಣಕ್ಕೆ ಜವ ಹಾಗೇ ಉಳಿದು ದಿಕ್ಕು ಮಾತ್ರ ತಿರುಗುತ್ತದೆ.

ಗುರುತ್ವ ವೇಗೋತ್ಕರ್ಷದ ಬೆಲೆ ಸಮಭಾಜಕದಲ್ಲಿ 9.78, ಧ್ರುವಗಳಲ್ಲಿ 9.83 ಮೀ/ಸೆ². ಬೆಂಗಳೂರಿನಲ್ಲಿ ಸುಮಾರು 9.78. ಪರೀಕ್ಷೆಯ ಲೆಕ್ಕಕ್ಕೆ 9.8 ಸಾಕು. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿದರೆ ಮಾತ್ರ ಚಿತ್ರ ಬದಲಾಗುತ್ತದೆ: ಏರುವಾಗ ತಡೆಯೂ ಕೆಳಮುಖ, ಆದ್ದರಿಂದ ವೇಗೋತ್ಕರ್ಷ 9.8ಕ್ಕಿಂತ ಹೆಚ್ಚು, ಇಳಿಯುವಾಗ ತಡೆ ಮೇಲ್ಮುಖ, ಆದ್ದರಿಂದ ಕಡಿಮೆ.

ಓರೆಯಾಗಿ ಎಸೆದಾಗ

ಗುರುತ್ವ ಮತ್ತು ವೃತ್ತೀಯ ಚಲನೆ ಬೇರೆ ಬೇರೆ ಪಾಠಗಳೆಂಬ ಭಾವನೆಯನ್ನು ಮುರಿಯಲು ಉತ್ಕ್ಷೇಪಕಕ್ಕಿಂತ, ಅಂದರೆ ಓರೆಯಾಗಿ ಎಸೆದ ವಸ್ತುವಿಗಿಂತ, ಒಳ್ಳೆಯ ಉದಾಹರಣೆಯಿಲ್ಲ. ಸೆಕೆಂಡಿಗೆ 20 ಮೀಟರ್, ನೆಲಕ್ಕೆ 60 ಡಿಗ್ರಿ ಕೋನ. ಪಥದ ಉದ್ದಕ್ಕೂ ವೇಗೋತ್ಕರ್ಷ 9.8, ನೇರ ಕೆಳಕ್ಕೆ. ಈ ಒಂದೇ ಬಾಣವನ್ನು ಪಥದ ದಿಕ್ಕಿನ ಘಟಕ, ಪಥಕ್ಕೆ ಲಂಬವಾದ ಘಟಕ ಎಂದು ಒಡೆಯಿರಿ. ಹೊರಡುವ ಕ್ಷಣದಲ್ಲಿ ಹಿಮ್ಮುಖ ಘಟಕ 9.8ರ ಸೈನ್ 60 ಪಾಲು, ಅಂದರೆ 8.5, ಲಂಬ ಘಟಕ ಕೊಸೈನ್ 60 ಪಾಲು, 4.9. ಮೊದಲನೆಯದು ಜವವನ್ನು ಇಳಿಸುತ್ತದೆ, ಎರಡನೆಯದು ಪಥವನ್ನು ಬಾಗಿಸುತ್ತದೆ. 20ರ ವರ್ಗವನ್ನು 4.9ರಿಂದ ಭಾಗಿಸಿದರೆ ಸುಮಾರು 82 ಮೀಟರ್. ಅಲ್ಲಿ ಪಥ ಅಷ್ಟು ದೊಡ್ಡ ವೃತ್ತದ ತುಣುಕಿನಂತೆ ಬಾಗಿದೆ. ತುತ್ತತುದಿಯಲ್ಲಿ ಜವ 10, ವೇಗೋತ್ಕರ್ಷ ಪೂರ್ತಿ ಪಥಕ್ಕೆ ಲಂಬ, ಆದ್ದರಿಂದ ಬಾಗಿನ ತ್ರಿಜ್ಯ 100 ÷ 9.8 = 10.2 ಮೀಟರ್. ಆ ಒಂದು ಕ್ಷಣ ಚೆಂಡು ಏಕರೂಪ ವೃತ್ತೀಯ ಚಲನೆಯಲ್ಲಿದೆ, ಅದರ "ಕೇಂದ್ರ" 10.2 ಮೀಟರ್ ಕೆಳಗಿದೆ ಎನ್ನಬಹುದು.

ಗುರುತ್ವ, ವೃತ್ತೀಯ ಚಲನೆ ಎರಡನ್ನೂ ಹೀಗೆ ತಾಳೆ ನೋಡುವ ಕೆಲಸವನ್ನು ಚಂದ್ರನ ವಿಷಯದಲ್ಲಿ ಮಾಡಿದವರು ನ್ಯೂಟನ್. ಚಂದ್ರ 3,84,000 ಕಿ.ಮೀ. ದೂರದಲ್ಲಿ 27.3 ದಿನಕ್ಕೊಮ್ಮೆ ಸುತ್ತುತ್ತಾನೆ. ವೃತ್ತೀಯ ಚಲನೆಯ ಸೂತ್ರದಿಂದ ಅವನ ವೇಗೋತ್ಕರ್ಷ 0.0027 ಮೀ/ಸೆ², ಭೂಮಿಯ ಕಡೆಗೆ. ದೂರ ಭೂತ್ರಿಜ್ಯದ 60 ಪಟ್ಟು, ಗುರುತ್ವ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ 9.8ನ್ನು 60ರ ವರ್ಗವಾದ 3600ರಿಂದ ಭಾಗಿಸಿದರೂ ಅದೇ 0.0027. ಕೆಳಗೆ ಬೀಳುವ ಕಲ್ಲಿನ ಬಾಣ, ಸುತ್ತುವ ಚಂದ್ರನ ಬಾಣ, ಎರಡೂ ಒಂದೇ ಬಾಣ.

ಲೋಲಕ: ಬಾಣ ತಿರುಗುತ್ತಾ ಹೋಗುವ ಜಾಗ

ದಾರವನ್ನು ಲಂಬದಿಂದ 60 ಡಿಗ್ರಿ ಎಳೆದು ಬಿಡಿ. ಬಿಟ್ಟ ಕ್ಷಣದಲ್ಲಿ ಜವ ಸೊನ್ನೆ, ಆದ್ದರಿಂದ ಕೇಂದ್ರದ ಕಡೆಯ ಘಟಕ ಸೊನ್ನೆ. ವೇಗೋತ್ಕರ್ಷ ಪೂರ್ತಿ ಸ್ಪರ್ಶಕದ ದಿಕ್ಕಿನಲ್ಲಿ, 8.5 ಮೀ/ಸೆ². ಅತಿ ಕೆಳಗಿನ ಬಿಂದುವಿನಲ್ಲಿ ಸ್ಪರ್ಶಕದ ಘಟಕ ಸೊನ್ನೆ. ವೇಗೋತ್ಕರ್ಷ ನೇರ ಮೇಲಕ್ಕೆ, 9.8. ಗುಂಡು ಅಡ್ಡ ಸಾಗುತ್ತಿರುವಾಗ ವೇಗೋತ್ಕರ್ಷ ಮೇಲಕ್ಕೆ ಎಂಬುದು ಮೊದಲು ವಿಚಿತ್ರವೆನಿಸುತ್ತದೆ, ಆದರೆ ಅದರ ದಾರಿ ಅಲ್ಲಿಂದ ಮೇಲಕ್ಕೆ ಬಾಗಬೇಕಾಗಿದೆ.

ನಡುವೆ? ಕೋನ 30 ಡಿಗ್ರಿ ಇದ್ದಾಗ ಸ್ಪರ್ಶಕದ ಘಟಕ 9.8 × ಸೈನ್ 30 = 4.9. ಕೇಂದ್ರದ ಘಟಕಕ್ಕೆ ಶಕ್ತಿ ಸಂರಕ್ಷಣೆ ಬಳಸಿದರೆ ದಾರದ ಉದ್ದ ತಾನೇ ರದ್ದಾಗಿ 2 × 9.8 × (ಕೊಸೈನ್ 30 − ಕೊಸೈನ್ 60) = 7.2. ಎರಡನ್ನೂ ಸೇರಿಸಿದ ಬಾಣ 8.7 ಉದ್ದ, ದಾರದಿಂದ ಸುಮಾರು 34 ಡಿಗ್ರಿ ಓರೆ. ದಾರದ ಗುಂಟವೂ ಅಲ್ಲ, ಪಥದ ಗುಂಟವೂ ಅಲ್ಲ. ಹಾಗಾದರೆ ಬಿಟ್ಟಾಗ ಕೆಳಮುಖವಾಗಿದ್ದ ಬಾಣ ತಳದಲ್ಲಿ ಮೇಲ್ಮುಖವಾಗುವ ಮುನ್ನ ಎಲ್ಲೋ ಒಂದು ಕಡೆ ಸರಿಯಾಗಿ ಅಡ್ಡಲಾಗಿರಲೇಬೇಕು. 60 ಡಿಗ್ರಿಯಿಂದ ಬಿಟ್ಟರೆ ಅದು ಸುಮಾರು 40 ಡಿಗ್ರಿಯಲ್ಲಿ. ದಾರವನ್ನು ನೆಲಕ್ಕೆ ಸಮಾಂತರವಾಗಿ ಹಿಡಿದು ಬಿಟ್ಟರೆ 54.7 ಡಿಗ್ರಿಯಲ್ಲಿ, ಪ್ರವೇಶ ಪರೀಕ್ಷೆಗಳಿಗೆ ಓದುವವರಿಗೆ ಈ ಕೋನದ ಪರಿಚಯವಿರುತ್ತದೆ.

ದಾರದ ಕಲ್ಲು ಮತ್ತು ಜಾತ್ರೆಯ ಜಯಂಟ್ ವೀಲ್

ಇವೆರಡೂ ಲಂಬ ವೃತ್ತಗಳೇ. ಆದರೂ ಮಗ್ಗುಲಿನ ಬಿಂದುವಿನಲ್ಲಿ, ಅಂದರೆ ಕೇಂದ್ರದ ಮಟ್ಟದಲ್ಲಿ, ಬಾಣಗಳು ಬೇರೆ ಬೇರೆ. ದಾರ ತನ್ನ ಗುಂಟ ಮಾತ್ರ ಎಳೆಯಬಲ್ಲದು. ಆದ್ದರಿಂದ ಕಲ್ಲಿನ ತೂಕವನ್ನು ತಡೆಯಲು ಅಲ್ಲಿ ಯಾರೂ ಇಲ್ಲ. ಸ್ಪರ್ಶಕದ ದಿಕ್ಕಿನಲ್ಲಿ ಪೂರ್ತಿ 9.8 ಉಳಿಯುತ್ತದೆ. ವೃತ್ತದ ಮೇಲ್ತುದಿಯಲ್ಲಿ ದಾರ ಸಡಿಲವಾಗದಷ್ಟೇ ಜವದಿಂದ ತಿರುಗುವ ಕಲ್ಲಿಗೆ ಮಗ್ಗುಲಲ್ಲಿ ಕೇಂದ್ರದ ಘಟಕ 9.8ರ ಮೂರು ಪಟ್ಟು. ಕೂಡಿಸಿದರೆ 31 ಮೀ/ಸೆ², ಅಡ್ಡಗೆರೆಯಿಂದ 18 ಡಿಗ್ರಿ ಕೆಳಕ್ಕೆ ಓರೆ.

ಜಯಂಟ್ ವೀಲನ್ನು ಮೋಟಾರು ಒಂದೇ ಜವದಲ್ಲಿ ತಿರುಗಿಸುತ್ತದೆ, ಆಸನ ಯಾವ ದಿಕ್ಕಿಗೆ ಬೇಕಾದರೂ ಒತ್ತಬಲ್ಲದು. ಹಾಗಾಗಿ ಅಲ್ಲಿ ಮಗ್ಗುಲಿನಲ್ಲಿ ವೇಗೋತ್ಕರ್ಷ ಸರಿಯಾಗಿ ಅಡ್ಡ. 10 ಮೀಟರ್ ತ್ರಿಜ್ಯ, ಸುತ್ತಿಗೆ 20 ಸೆಕೆಂಡು ಎಂದರೆ ವೇಗೋತ್ಕರ್ಷ ಸುಮಾರು 1 ಮೀ/ಸೆ². 50 ಕೆ.ಜಿ.ಯ ವ್ಯಕ್ತಿಯನ್ನು ಆಸನ ತುದಿಯಲ್ಲಿ 440 ನ್ಯೂಟನ್, ತಳದಲ್ಲಿ 540 ನ್ಯೂಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. ತುದಿಯಲ್ಲಿ ಹಗುರ, ತಳದಲ್ಲಿ ಭಾರ ಎನಿಸಲು ಇದೇ ಕಾರಣ.

ಯಾವ ವೃತ್ತದ ಕೇಂದ್ರ?

"ಕೇಂದ್ರದ ಕಡೆಗೆ" ಎಂದಾಗ ಕೇಂದ್ರ ಎಲ್ಲಿದೆ ಎಂದು ಹುಡುಕದೆ ಬಾಣ ಹಾಕಬೇಡಿ. ದಾರಕ್ಕೆ ಕಟ್ಟಿದ ಗುಂಡು ಅಡ್ಡ ವೃತ್ತದಲ್ಲಿ ಸುತ್ತಿದಾಗ ದಾರ ಶಂಕುವಿನಾಕಾರ ಬರೆಯುತ್ತದೆ. ವೃತ್ತದ ಕೇಂದ್ರ ದಾರ ಕಟ್ಟಿದ ಕೊಕ್ಕೆಯಲ್ಲ. ಕೊಕ್ಕೆಯ ನೇರ ಕೆಳಗೆ, ಗುಂಡಿನ ಮಟ್ಟದಲ್ಲಿರುವ ಖಾಲಿ ಬಿಂದು. ಬಾಣ ಅಡ್ಡಲಾಗಿಯೇ ಇರಬೇಕು.

ಇದೇ ತಪ್ಪು ರಸ್ತೆಯ ತಿರುವಿನಲ್ಲಿ ದುಬಾರಿಯಾಗುತ್ತದೆ. ಇಳಿಜಾರು ಹಲಗೆಯ ಮೇಲೆ ಜಾರುವ ಪೆಟ್ಟಿಗೆ, ಒಳಕ್ಕೆ ಓರೆ ಮಾಡಿದ ತಿರುವಿನಲ್ಲಿ ಹೋಗುವ ಕಾರು: ಕಾಗದದ ಮೇಲೆ ಎರಡರದೂ ಒಂದೇ ಚಿತ್ರ. ಪೆಟ್ಟಿಗೆಯ ವೇಗೋತ್ಕರ್ಷ ಹಲಗೆಯ ಗುಂಟ ಇಳಿಮುಖ. ಆದ್ದರಿಂದ ಹಲಗೆಗೆ ಲಂಬವಾದ ದಿಕ್ಕಿನಲ್ಲಿ ಬಲಗಳು ಸಮ. ಲಂಬ ಪ್ರತಿಕ್ರಿಯೆ (ಮೇಲ್ಮೈ ತನಗೆ ಲಂಬವಾಗಿ ವಸ್ತುವನ್ನು ಒತ್ತುವ ಬಲ) ಎಂದರೆ ತೂಕದ ಕೊಸೈನ್ ಪಾಲು, ತೂಕಕ್ಕಿಂತ ಕಡಿಮೆ. ಕಾರಿನ ವೇಗೋತ್ಕರ್ಷ ಅಡ್ಡಲಾಗಿ, ತಿರುವಿನ ಕೇಂದ್ರದ ಕಡೆಗೆ. ಆದ್ದರಿಂದ ಸಮವಾಗುವುದು ಮೇಲೆ-ಕೆಳಗಿನ ಬಲಗಳು. ಘರ್ಷಣೆ ಬೇಡದ ಜವದಲ್ಲಿ ಲಂಬ ಪ್ರತಿಕ್ರಿಯೆಯ ಕೊಸೈನ್ ಪಾಲೇ ತೂಕಕ್ಕೆ ಸಮ, ಅಂದರೆ ಪ್ರತಿಕ್ರಿಯೆ ತೂಕಕ್ಕಿಂತ ಹೆಚ್ಚು. ಒಂದು ಕಡೆ ಗುಣಿಸಬೇಕು, ಇನ್ನೊಂದು ಕಡೆ ಭಾಗಿಸಬೇಕು. ಯಾವುದು ಎಲ್ಲಿ ಎಂದು ನೆನಪಿಡಲು ಹೋಗದೆ, ಮೊದಲು ವೇಗೋತ್ಕರ್ಷದ ಬಾಣ ಹಾಕಿ, ಅಕ್ಷಗಳಲ್ಲಿ ಒಂದನ್ನು ಅದರ ಗುಂಟ ಇಡಿ, ಇನ್ನೊಂದನ್ನು ಅದಕ್ಕೆ ಲಂಬವಾಗಿ. ಗಂಟೆಗೆ 72 ಕಿ.ಮೀ., ತ್ರಿಜ್ಯ 200 ಮೀಟರ್ ಆದರೆ ವೇಗೋತ್ಕರ್ಷ 2 ಮೀ/ಸೆ². ಬೇಕಾದ ಓರೆಯ ಟ್ಯಾನ್ 2 ÷ 9.8, ಕೋನ 11.5 ಡಿಗ್ರಿ.

ಬೆಂಗಳೂರಿನಲ್ಲಿ ಸುಮ್ಮನೆ ನಿಂತವರೂ ಭೂಮಿಯ ಜೊತೆ ಸುತ್ತುತ್ತಿದ್ದಾರೆ. ಅವರ ವೃತ್ತದ ಕೇಂದ್ರ ಭೂಮಿಯ ಕೇಂದ್ರವಲ್ಲ, ಅಕ್ಷದ ಮೇಲೆ ಅದೇ ಅಕ್ಷಾಂಶದ ಸಮತಲದಲ್ಲಿರುವ ಬಿಂದು. ಆ ವೇಗೋತ್ಕರ್ಷ ಬರೀ 0.033 ಮೀ/ಸೆ². ಉಪಗ್ರಹಕ್ಕೆ ಈ ಸ್ವಾತಂತ್ರ್ಯವಿಲ್ಲ. ಅದರ ಮೇಲಿರುವ ಬಲ ಗುರುತ್ವ ಒಂದೇ, ಅದು ಭೂಮಿಯ ಕೇಂದ್ರಕ್ಕೆ ಎಳೆಯುತ್ತದೆ. ಆದ್ದರಿಂದ ವೃತ್ತದ ಕೇಂದ್ರವೂ ಅಲ್ಲೇ ಇರಬೇಕು. ಒಂದೇ ಜಾಗದ ಮೇಲೆ ನಿಂತಂತೆ ಕಾಣುವ, 35,786 ಕಿ.ಮೀ. ಎತ್ತರದ ಉಪಗ್ರಹ ಸಮಭಾಜಕದ ನೇರ ಮೇಲೆಯೇ ಇರಬೇಕಾಗುವುದು ಇದಕ್ಕೇ. ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ಹಾಸನದಿಂದ ನಿಯಂತ್ರಿಸುತ್ತಾರೆ, ಆದರೆ ಯಾವುದನ್ನೂ ಹಾಸನದ ನೆತ್ತಿಯ ಮೇಲೆ ನಿಲ್ಲಿಸಲಾಗದು. ನಮ್ಮ ಮನೆಗಳ ಡಿಶ್ ಆಂಟೆನಾಗಳು ದಕ್ಷಿಣದ ಆಕಾಶಕ್ಕೆ ಮುಖ ಮಾಡಿರುವುದು ಈ ಬಾಣದ ದಿಕ್ಕಿನಿಂದಾಗಿ.

ಕಣ್ಣಾರೆ ನೋಡಲು: ನೀರಿನ ಬರಣಿ, ಬೆಂಡು

ಒಂದು ಲೀಟರಿನ, ಅಗಲ ಬಾಯಿಯ ಪಾರದರ್ಶಕ ಪ್ಲಾಸ್ಟಿಕ್ ಬರಣಿ ತೆಗೆದುಕೊಳ್ಳಿ. ಮುಚ್ಚಳದ ಒಳಮಗ್ಗುಲಿನ ನಡುವೆ ದಾರದ ತುದಿಯನ್ನು ಎಂ-ಸೀಲ್‌ನಿಂದ ಅಂಟಿಸಿ ಒಣಗಲು ಬಿಡಿ. ಇನ್ನೊಂದು ತುದಿಗೆ ನಿಂಬೆ ಗಾತ್ರದ ಥರ್ಮೊಕೋಲ್ ಉಂಡೆ ಕಟ್ಟಿ. ದಾರ ಬರಣಿಯ ಎತ್ತರದ ಅರ್ಧದಷ್ಟಿರಲಿ. ನೀರನ್ನು ಕಂಠಮಟ್ಟ ತುಂಬಿ, ಗಾಳಿಗುಳ್ಳೆ ಉಳಿಯದಂತೆ ಮುಚ್ಚಿ, ತಲೆಕೆಳಗು ಮಾಡಿ. ಉಂಡೆ ಮೇಲಕ್ಕೆ ತೇಲಿ ನಿಲ್ಲುತ್ತದೆ. ಗುಳ್ಳೆ ಉಳಿದರೆ ನೀರು ಅಲುಗಿ ಉಂಡೆ ಸುಮ್ಮನಾಗುವುದೇ ಇಲ್ಲ.

ಬರಣಿಯನ್ನು ಮುಂದಕ್ಕೆ ಚಾಚಿ ಹಿಡಿದು, ತಿರುಗುವ ಕುರ್ಚಿಯಲ್ಲಿ ಕೂತು ಸುತ್ತಿ. ಉಂಡೆ ನಿಮ್ಮ ಕಡೆಗೆ ಬಾಗುತ್ತದೆ. ಭಾರವಾದ ನೀರು ಹೊರ ಅಂಚಿನಲ್ಲಿ ಹೆಚ್ಚು ಒತ್ತಡ ಮಾಡಿ ಹಗುರ ಉಂಡೆಯನ್ನು ಒಳಕ್ಕೆ ನೂಕುತ್ತದೆ, ಆದ್ದರಿಂದ ಉಂಡೆ ವಾಲುವ ಕಡೆಯೇ ವೇಗೋತ್ಕರ್ಷದ ಕಡೆ. ಅಕ್ಷದಿಂದ 70 ಸೆಂ.ಮೀ. ದೂರದಲ್ಲಿ ಹಿಡಿದು ಸುತ್ತಿಗೆ 3 ಸೆಕೆಂಡಾದರೆ ಲಂಬದಿಂದ 17 ಡಿಗ್ರಿ, 2 ಸೆಕೆಂಡಾದರೆ 35 ಡಿಗ್ರಿ ವಾಲಬೇಕು. ಒಮ್ಮೆಲೇ ನಿಂತಾಗ ಉಂಡೆ ಹಿಂದಕ್ಕೆ ಹೊಡೆಯುತ್ತದೆ. ಅದು ಸ್ಪರ್ಶಕದ ಘಟಕ.

ಫೋನಿನ ಸಂವೇದಕ ಬಳಸುವವರಿಗೆ

ಫೋನಿನ ಸಂವೇದಕಗಳ ಅಳತೆ ತೋರಿಸುವ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ರೂಪಿಸಿದ ಫೈಫಾಕ್ಸ್ ಆ್ಯಪ್ ಉಚಿತ. ಆದರೆ ಮೇಜಿನ ಮೇಲೆ ಅಲುಗದೆ ಮಲಗಿದ ಫೋನು 9.8 ಮೇಲಕ್ಕೆ ಎಂದು ತೋರಿಸುತ್ತದೆ, ಬೀಳುವ ಫೋನು ಸೊನ್ನೆ ತೋರಿಸುತ್ತದೆ. ಸಂವೇದಕ ಕೆಟ್ಟಿಲ್ಲ. ಅದರೊಳಗಿನ ಪುಟ್ಟ ತುಣುಕನ್ನು ಅದರ ಆಧಾರ ಎಷ್ಟು ಒತ್ತುತ್ತಿದೆ ಎಂಬುದನ್ನಷ್ಟೇ ಅದು ಅಳೆಯುತ್ತದೆ. ಗುರುತ್ವ ಅದಕ್ಕೆ ಕಾಣುವುದಿಲ್ಲ. ನಿಜವಾದ ವೇಗೋತ್ಕರ್ಷ ಬೇಕಾದರೆ ಫೋನು ತೋರಿಸಿದ ಬಾಣಕ್ಕೆ 9.8 ಉದ್ದದ ಕೆಳಮುಖ ಬಾಣ ಕೂಡಿಸಿ. "ಗುರುತ್ವ ಇಲ್ಲದ ವೇಗೋತ್ಕರ್ಷ" ಎಂಬ ಆಯ್ಕೆಯೂ ಇದೆ, ಆದರೆ ಅಲ್ಲಿ ಕೆಳಗಿನ ದಿಕ್ಕನ್ನು ಫೋನು ಊಹಿಸಬೇಕಾಗುವುದರಿಂದ ಸುತ್ತುವ, ತೂಗುವ ಪ್ರಯೋಗಗಳಲ್ಲಿ ನಂಬಬೇಡಿ. ಗುರುತ್ವ ಸೇರಿದ ಅಳತೆ ತೆಗೆದುಕೊಂಡು ನೀವೇ ಕೂಡಿಸಿ.

ಉಯ್ಯಾಲೆಗೆ ಕಟ್ಟಿದ ಫೋನು ಸ್ಪರ್ಶಕದ ದಿಕ್ಕಿನಲ್ಲಿ ಬಹುತೇಕ ಸೊನ್ನೆ ತೋರಿಸಿ ಪ್ರಯೋಗ ಮಾಡುವವರನ್ನು ಗಾಬರಿಗೊಳಿಸುತ್ತದೆ. ನೀರಿನ ಬರಣಿ ಕಟ್ಟಿದರೂ ಹಾಗೇ: ಉಂಡೆ ಹಗ್ಗದ ಗುಂಟ ನೇರವಾಗಿಯೇ ನಿಲ್ಲುತ್ತದೆ. ಹಗ್ಗ ತನ್ನ ಗುಂಟ ಮಾತ್ರ ಎಳೆಯುವುದರಿಂದ ಸಂವೇದಕಕ್ಕೆ ಕಾಣುವುದೂ ಅಷ್ಟೇ. 60 ಡಿಗ್ರಿಯಿಂದ ಬಿಟ್ಟರೆ ಆರಂಭದಲ್ಲಿ ಫೋನು ಹಗ್ಗದ ಗುಂಟ 4.9 ತೋರಿಸುತ್ತದೆ, ಅದಕ್ಕೆ 9.8 ಕೆಳಮುಖ ಕೂಡಿಸಿದರೆ ಹಗ್ಗದ ಗುಂಟದ ಭಾಗ ಪೂರ್ತಿ ಅಳಿದು, ಸ್ಪರ್ಶಕದ ದಿಕ್ಕಿನಲ್ಲಿ 8.5 ಉಳಿಯುತ್ತದೆ. ತಳದಲ್ಲಿ ಫೋನಿನ ಅಳತೆ 19.6 ಮೇಲ್ಮುಖ, ಕೂಡಿಸಿದರೆ 9.8 ಮೇಲ್ಮುಖ. ಲೋಲಕದ ಲೆಕ್ಕದಲ್ಲಿ ಬಂದ ಅಂಕಿಗಳೇ ಇವು. ಗಾಳಿಯ ತಡೆ ಮತ್ತು ಹಗ್ಗದ ಅಲುಗಾಟದಿಂದ ಶೇ 5ರಷ್ಟು ಆಚೀಚೆಯಾದರೆ ಚಿಂತೆ ಬೇಡ, ದಿಕ್ಕೇ ತಿರುಗಿ ಬಂದರೆ ಫೋನನ್ನು ಯಾವ ಅಂಚು ಮೇಲಾಗಿ ಕಟ್ಟಿದ್ದೀರಿ ಎಂದು ಮೊದಲು ನೋಡಿ.